ನಾಯಕ, ಖಳನಾಯಕ, ವಿದೂಷಕ: ಕಥೆಯ ಪಾತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಹತ್ತು ಹನ್ನೆರಡು ಜನ ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಹರಟೆ ಹೊಡೆಯುತ್ತೇವೆ. ಪುಸ್ತಕ ಪ್ರತಿ ಸಲ ಬೇರೆ, ಜಗಳ ಮಾತ್ರ ಅದೇ. "ಇದರಲ್ಲಿ ಹೀರೋ ಯಾರು?" "ಅವನು ವಿಲನ್ ಹೇಗಾಗ್ತಾನೆ, ಪಾಪ ಒಳ್ಳೆಯವನು!" ಕಾಫಿ ಆರಿ ತಣ್ಣಗಾಗುವವರೆಗೂ ಇದೇ ಮಾತು. ಹಾಗೆ ಮತ್ತೆ ಮತ್ತೆ ಎದ್ದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳು ನನ್ನವು. ಕೆಲವನ್ನು ನಮ್ಮ ಬಳಗದವರೇ ಇನ್ನೂ ಒಪ್ಪಿಲ್ಲ.

"ಪಾತ್ರ" ಅಂದರೆ ಮನುಷ್ಯನೋ, ಅವನ ಕೆಲಸವೋ?

ಕೆಲಸ. ಕನ್ನಡದಲ್ಲಿ ನದಿ ಹರಿಯುವ ಜಾಗಕ್ಕೂ ಪಾತ್ರ ಅನ್ನುತ್ತೇವೆ. ಅಡುಗೆಮನೆಯ ಪಾತ್ರೆಯೂ ಅದೇ ಮಾತಿನಿಂದ ಬಂದದ್ದು. ಏನನ್ನೋ ಹಿಡಿದಿಟ್ಟುಕೊಳ್ಳುವ ಜಾಗ ಅದು. "ಮಗಳ ಮದುವೆ ಸುಸೂತ್ರವಾಗಿ ಆಗಿದ್ದರಲ್ಲಿ ಅವರ ಪಾತ್ರ ದೊಡ್ಡದು" ಎಂದರೆ ಅವರು ಮಾಡಿದ ಕೆಲಸ ದೊಡ್ಡದು ಎಂದರ್ಥ, ಅವರ ಗುಣದ ಮಾತು ಅಲ್ಲಿಲ್ಲ.

ಇಂಗ್ಲಿಷಿನ ಕ್ಯಾರೆಕ್ಟರ್ ಹಾಗಲ್ಲ. ಅದು ಕಥೆಯೊಳಗಿನ ಮನುಷ್ಯನನ್ನೂ ಹೇಳುತ್ತದೆ, ನಡತೆಯನ್ನೂ ಹೇಳುತ್ತದೆ. "ಅವನ ಕ್ಯಾರೆಕ್ಟರ್ ಸರಿ ಇಲ್ಲ" ಅಂತ ನಾವೂ ಅನ್ನುತ್ತೇವೆ, ಅಲ್ವಾ? ಈ ಎರಡು ಕಲೆತಾಗಲೇ ಅರ್ಧ ಗೊಂದಲ ಶುರು. ನಾಯಕ, ಪ್ರತಿನಾಯಕ, ವಿದೂಷಕ, ನಿರೂಪಕ: ಇವೆಲ್ಲ ಕಥೆಯಲ್ಲಿ ಯಾರಿಗೆ ಯಾವ ಕೆಲಸ ಎಂದು ಹೇಳುವ ಮಾತುಗಳು. ಒಳ್ಳೆಯವನು, ಕೆಟ್ಟವನು ಎನ್ನುವ ಲೆಕ್ಕವೇ ಬೇರೆ.

ಹಾಗಾದರೆ ಕಥಾನಾಯಕ ಒಳ್ಳೆಯವನೇ ಆಗಿರಬೇಕಿಲ್ಲವಾ?

ಇಲ್ಲಿ ನಮ್ಮ ತಲೆಯೊಳಗೆ ಎರಡು ಪರಂಪರೆಗಳು ಒಟ್ಟಿಗೆ ಕೂತಿವೆ.

ಒಂದು ಗ್ರೀಕರದು. ಪ್ರೊಟಾಗನಿಸ್ಟ್ ಅಂದರೆ ಮೊದಲನೇ ನಟ, ಅಷ್ಟೇ. ಅವರ ರಂಗದ ಮೇಲೆ ಮೊದಮೊದಲು ಮೇಳದ ಜೊತೆ ಒಬ್ಬನೇ ನಟ ಇದ್ದ. ಎಸ್ಕಿಲಸ್ ಎರಡನೆಯವನನ್ನು ತಂದ, ಸೊಫೋಕ್ಲಿಸ್ ಮೂರನೆಯವನನ್ನು ತಂದ ಎಂದು ಅರಿಸ್ಟಾಟಲ್ ಬರೆದಿದ್ದಾನೆ. ಹಾಗಾಗಿ ಆ ಪದದೊಳಗೆ ಒಳ್ಳೆಯತನದ ಸುಳಿವೇ ಇಲ್ಲ.

ಇನ್ನೊಂದು ಸಂಸ್ಕೃತದ್ದು. ಅಲ್ಲಿ ನಾಯಕ ಅಂದರೆ ಮುಂದೆ ಕರೆದುಕೊಂಡು ಹೋಗುವವನು. ಅವನು ವಿನಯಿ, ತ್ಯಾಗಿ, ಮಾತು ಬಲ್ಲವನು, ಒಳ್ಳೆಯ ಮನೆತನದವನು ಆಗಿರಬೇಕು ಎಂದು ಲಕ್ಷಣಕಾರರು, ಅಂದರೆ ಕಾವ್ಯ ನಾಟಕಗಳ ಶಾಸ್ತ್ರ ಬರೆದವರು, ಪಟ್ಟಿಯನ್ನೇ ಕೊಟ್ಟಿದ್ದಾರೆ. ಹೆಣ್ಣು ನೋಡಲು ಹೋದವರು ಗಂಡಿನ ಬಗ್ಗೆ ಹೇಳಿಕೊಂಡ ಹಾಗಿದೆ ಆ ಪಟ್ಟಿ.

ನಾವು ಎರಡಕ್ಕೂ "ನಾಯಕ" ಎನ್ನುವ ಒಂದೇ ಮಾತು ಬಳಸುತ್ತೇವೆ. ಅದಕ್ಕೇ ಕಾರ್ನಾಡರ 'ತುಘಲಕ್' (1964) ಓದಿದವರಿಗೆ ತೊಂದರೆಯಾಗುವುದು. ಸುಲ್ತಾನ ಕೊಲ್ಲಿಸುತ್ತಾನೆ, ಮೋಸ ಮಾಡುತ್ತಾನೆ, ಪ್ರಾರ್ಥನೆಯನ್ನೂ ಬಿಡದೆ ಆಟಕ್ಕೆ ಬಳಸುತ್ತಾನೆ. ಆದರೂ ನಾಟಕದ ನಾಯಕ ಅವನೇ. ಅವನಿಗೆ ಏನೋ ಬೇಕು, ಆ ಬೇಕು ಅನ್ನುವುದರ ಹಿಂದೆ ಇಡೀ ನಾಟಕ ಓಡುತ್ತದೆ. ನಾನು ಇಟ್ಟುಕೊಂಡಿರುವ ಅಳತೆ ಇದೊಂದೇ: ಯಾರ ಆಸೆ ತೆಗೆದುಹಾಕಿದರೆ ಕಥೆ ಅಲ್ಲಾಡದೆ ನಿಂತುಬಿಡುತ್ತದೋ, ಅವನು ನಾಯಕ. ಅವಳಾದರೆ ಅವಳು.

ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತ... ಪರೀಕ್ಷೆಗೆ ಬಾಯಿಪಾಠ ಮಾಡಿದ್ದು. ಉಪಯೋಗ ಏನು?

ಜಾಸ್ತಿ ಇಲ್ಲ. ಆದರೆ ಒಂದು ವಿಷಯ ಗಮನಿಸಿ. ನಾಲ್ಕರಲ್ಲೂ "ಧೀರ" ಇದೆ. ರಾಮ ಧೀರೋದಾತ್ತ, ವೀಣೆ ಹಿಡಿದ ಉದಯನ ಧೀರಲಲಿತ, 'ಮೃಚ್ಛಕಟಿಕ'ದ ಬಡ ಚಾರುದತ್ತ ಧೀರಶಾಂತ. ಧೀರೋದ್ಧತ ಎನ್ನುವ ಹೆಸರಿನಡಿ ಪರಶುರಾಮನೂ ಬರುತ್ತಾನೆ, ರಾವಣನೂ ಬರುತ್ತಾನೆ. ಸೊಕ್ಕು, ಸಿಟ್ಟು, ಮಾಯೆ, ಆತ್ಮಪ್ರಶಂಸೆ ಎಲ್ಲ ಇದ್ದವನಿಗೂ ಧೀರ ಎನ್ನುವ ಮರ್ಯಾದೆ ತಪ್ಪಿಲ್ಲ. ನಮ್ಮ ಲಕ್ಷಣಕಾರರು ಅಷ್ಟು ಮುಗ್ಧರಾಗಿರಲಿಲ್ಲ.

ರನ್ನನ 'ಗದಾಯುದ್ಧ'ದ ನಾಯಕ ಯಾರು, ಭೀಮನೋ ದುರ್ಯೋಧನನೋ?

ಇದು ಕನ್ನಡ ಎಂ.ಎ. ತರಗತಿಗಳ ಹಳೆಯ ಜಗಳ. ನನಗೂ ಇಷ್ಟದ ಜಗಳ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಕಾವ್ಯದ ಇನ್ನೊಂದು ಹೆಸರು 'ಸಾಹಸಭೀಮ ವಿಜಯ'. ತನಗೆ ಆಶ್ರಯ ಕೊಟ್ಟ ಚಾಳುಕ್ಯ ದೊರೆ ಸತ್ಯಾಶ್ರಯನನ್ನು ರನ್ನ ಭೀಮನ ಜೊತೆ ಸಮೀಕರಿಸಿ ಬರೆದ. ಗೆಲ್ಲುವವನು ಭೀಮ, ಹೊಗಳಿಸಿಕೊಳ್ಳುವವನು ಭೀಮ. ಶಾಸ್ತ್ರದ ಲೆಕ್ಕದಲ್ಲಿ ಅಲ್ಲಿಗೆ ವಿಷಯ ಮುಗಿಯಿತು.

ಆದರೆ ಓದುವಾಗ ನಾವು ಹೋಗುವುದು ದುರ್ಯೋಧನನ ಜೊತೆ. ಸಂಜಯನನ್ನು ಕರೆದುಕೊಂಡು ಅವನು ಹೆಣಗಳ ನಡುವೆ ನಡೆಯುತ್ತಾನೆ. ಗುರು ದ್ರೋಣ ಬಿದ್ದಿದ್ದಾನೆ, ತಮ್ಮ ದುಶ್ಶಾಸನ ಬಿದ್ದಿದ್ದಾನೆ, ಕರ್ಣ ಬಿದ್ದಿದ್ದಾನೆ. ಅವರ ನಡುವೆ ಶತ್ರುವಿನ ಮಗ ಅಭಿಮನ್ಯುವೂ ಬಿದ್ದಿದ್ದಾನೆ. ಅವನ ಮುಂದೆ ನಿಂತು ದುರ್ಯೋಧನ ಕೈಮುಗಿದು ಬೇಡುತ್ತಾನೆ: ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಸಾವು ನಮಗೂ ಸಿಗಲಿ. ಆಮೇಲೆ ಭೀಷ್ಮನ ಮಾತಿಗೆ ಒಪ್ಪಿ ವೈಶಂಪಾಯನ ಸರೋವರದಲ್ಲಿ ಮುಳುಗುತ್ತಾನೆ. ದಡದಿಂದ ಭೀಮ ಗರ್ಜಿಸಿದಾಗ "ನೀರೊಳಗಿರ್ದುಂ ಬೆಮರ್ತನ್ ಉರಗಪತಾಕನ್". ನೀರೊಳಗಿದ್ದೂ ಬೆವರಿದ. ಅದು ಹೆದರಿಕೆಯ ಬೆವರಲ್ಲ, ಸಿಟ್ಟಿನದು.

ನನ್ನ ಉತ್ತರ: ಕಾವ್ಯನಾಯಕ ಭೀಮ, ಕಾವ್ಯ ಹಿಂಬಾಲಿಸುವವನು ದುರ್ಯೋಧನ. ಎರಡು ಬೇರೆ ಕುರ್ಚಿ. ಒಂದೇ ಕುರ್ಚಿಗೆ ಇಬ್ಬರನ್ನು ಕೂರಿಸಲು ಹೋದರೆ ಜಗಳ ಮುಗಿಯುವುದಿಲ್ಲ.

ಪಂಪನಲ್ಲೂ ಇದೇ ಕಥೆ. 941ರ 'ವಿಕ್ರಮಾರ್ಜುನ ವಿಜಯ'ಕ್ಕೆ ನಾಯಕ ಅರ್ಜುನ, ಅವನ ಹಿಂದೆ ನಿಂತಿರುವವನು ದೊರೆ ಅರಿಕೇಸರಿ. ಕೊನೆಗೆ ಪಟ್ಟವೂ ಅರ್ಜುನನಿಗೇ. ಆದರೆ ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಕರ್ಣನನ್ನು ನೆನೆ ಎಂದದ್ದೂ ಅದೇ ಪಂಪ. ಪಟ್ಟ ಒಬ್ಬನಿಗೆ, ಮನಸ್ಸು ಇನ್ನೊಬ್ಬನಿಗೆ.

ಪ್ರತಿನಾಯಕ, ಖಳನಾಯಕ, ಆಂಟಿ ಹೀರೋ ಮೂರೂ ಒಂದೇನಾ?

ಅಲ್ಲ. ಅತಿ ಹೆಚ್ಚು ತಪ್ಪಾಗುವುದು ಇಲ್ಲೇ, ಅದರಲ್ಲೂ ಅನುವಾದ ಮಾಡುವವರಿಗೆ.

ಪ್ರತಿನಾಯಕ ಅಂದರೆ ನಾಯಕನ ಎದುರಾಳಿ. ಹತ್ತನೇ ಶತಮಾನದ ಧನಂಜಯ ತನ್ನ 'ದಶರೂಪಕ'ದಲ್ಲಿ ಅವನನ್ನು ಲೋಭಿ, ಧೀರೋದ್ಧತ, ಹಟಮಾರಿ, ಪಾಪಿ, ವ್ಯಸನಿ ಎನ್ನುತ್ತಾನೆ. ಅಂದರೆ ನಮ್ಮ ಶಾಸ್ತ್ರದ ಪ್ರತಿನಾಯಕ ಎದುರಾಳಿಯೂ ಹೌದು, ಕೆಟ್ಟವನೂ ಹೌದು.

ಗ್ರೀಕ್ ಮೂಲದ ಆಂಟಾಗನಿಸ್ಟ್ ಬರೀ ಎದುರಾಳಿ. ಕುಸ್ತಿ ಅಖಾಡದಲ್ಲಿ ಎದುರು ನಿಂತ ಪೈಲ್ವಾನನ ಹಾಗೆ. ಅವನು ನಿಮಗಿಂತ ಒಳ್ಳೆಯ ಮನುಷ್ಯನೇ ಇರಬಹುದು. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನ ನಡೆಸುವ ತಾಳಮದ್ದಳೆ ನೋಡಿದವರಿಗೆ ಇದು ಬೇಗ ಹಿಡಿಯುತ್ತದೆ. ಕೌರವನ ಅರ್ಥ ಹೇಳುವವರಿಗೆ ಎದುರು ಕೂತವರು ಕೃಷ್ಣನ ಅರ್ಥಧಾರಿ. ಆ ರಾತ್ರಿ ಕೌರವನ ಕಡೆಯಿಂದ ನೋಡಿದರೆ ಎದುರಾಳಿ ಸಾಕ್ಷಾತ್ ದೇವರು!

ಖಳ ಅಂದರೆ ದುಷ್ಟ. ಇದು ಗುಣದ ಮಾತು. "ನಾಯಕ" ಅಂಟಿಕೊಂಡು ಖಳನಾಯಕ ಆಗಿರುವುದರಿಂದ ಕೆಲಸದ ಮಾತಿನ ಹಾಗೆ ಕಾಣುತ್ತದೆ. ವಜ್ರಮುನಿಯವರ ದನಿ ಕೇಳಿ ಬೆಳೆದ ನಮಗೆ ವಿವರಣೆ ಬೇಕಿಲ್ಲ.

ಆಂಟಿ ಹೀರೋ ಎದುರಾಳಿಯೇ ಅಲ್ಲ. ಅವನು ನಾಯಕನ ಕುರ್ಚಿಯಲ್ಲೇ ಕೂತಿರುತ್ತಾನೆ, ನಾಯಕನ ಗುಣಗಳು ಮಾತ್ರ ಇರುವುದಿಲ್ಲ. 'ನಾಗರಹಾವು' (1972) ಸಿನಿಮಾದ ರಾಮಾಚಾರಿ ನಮಗೆ ಮೊದಲು ಸಿಗುವುದೇ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬೀಳುವಾಗ. ಮುಂಗೋಪಿ, ಹಟಮಾರಿ, ಯಾರ ಮಾತಿಗೂ ಬಗ್ಗದವನು. ಆದರೆ ನಾವು ಅವನ ಕಡೆ. ಆಂಟಿ ಹೀರೋಗೆ "ಪ್ರತಿನಾಯಕ" ಎಂದು ಬರೆದರೆ ಹಳೆಯ ಶಾಸ್ತ್ರ ಬಲ್ಲವರಿಗೆ ಅರ್ಥ ಪೂರ್ತಿ ತಿರುಗಿಹೋಗುತ್ತದೆ. ನಾನು ಸುಮ್ನೆ ಆಂಟಿ ಹೀರೋ ಅಂತಲೇ ಬರೆಯುತ್ತೇನೆ.

ಎದುರಾಳಿ ಕಥೆಯಲ್ಲಿ ಓಡಾಡಿಕೊಂಡಿರಲೇಬೇಕಾ?

ಬದುಕಿರಲೇಬೇಕು ಅಂತಲೂ ಇಲ್ಲ. 'ಸಂಸ್ಕಾರ' (1965) ನೋಡಿ. ಕಥೆ ಕಣ್ಣು ಬಿಡುವಷ್ಟರಲ್ಲಿ, ಬ್ರಾಹ್ಮಣ್ಯದ ಕಟ್ಟಳೆ ಮುರಿದು ಬದುಕಿದ ನಾರಣಪ್ಪ ಸತ್ತಿರುತ್ತಾನೆ. ಹೆಣ ಮನೆಯಲ್ಲಿದೆ, ಸುಡುವವರು ಯಾರೆಂದು ತೀರ್ಮಾನವಾಗಿಲ್ಲ, ಅಗ್ರಹಾರದಲ್ಲಿ ಯಾರೂ ಊಟ ಮಾಡುವ ಹಾಗಿಲ್ಲ. ಬದುಕಿದ್ದಾಗ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರನ್ನು ಅವನು ಎಷ್ಟು ಕೆಣಕಿದ್ದನೋ, ಸತ್ತ ಮೇಲೆ ಅದಕ್ಕಿಂತ ಜಾಸ್ತಿ ಕೆಣಕುತ್ತಾನೆ. ಕೊನೆಗೆ ಆಚಾರ್ಯರು ತಿಳಿಯದೆ ಹೋಗಿ ನಿಲ್ಲುವುದು ಅವನು ಬದುಕಿದ ದಾರಿಯಲ್ಲೇ. ಇಷ್ಟು ಗಟ್ಟಿ ಎದುರಾಳಿ ಕನ್ನಡದಲ್ಲಿ ಅಪರೂಪ, ಅದೂ ಉಸಿರಿಲ್ಲದೆ.

ಮನುಷ್ಯನೇ ಆಗಬೇಕು ಅಂತಲೂ ಇಲ್ಲ. ಕಾರಂತರ 'ಚೋಮನ ದುಡಿ'ಯಲ್ಲಿ (1933) ಚೋಮನಿಗೆ ಬೇಕಾಗಿರುವುದು ತುಂಡು ಭೂಮಿ, ತಾನೇ ಹೂಡುವ ಬೇಸಾಯ. ಅಡ್ಡ ನಿಂತಿರುವುದು ಒಡೆಯ ಸಂಕಪ್ಪಯ್ಯ ಒಬ್ಬನೇ ಅಲ್ಲ. ಹೊಲೆಯನಿಗೆ ಭೂಮಿ ಕೊಡಬಾರದು ಎನ್ನುವ ಊರಿನ ಕಟ್ಟುಪಾಡು. ಅದಕ್ಕೆ ಮುಖವಿಲ್ಲ, ಹೊಡೆಯಲು ಬರುವುದಿಲ್ಲ.

ಪ್ರೀತಿಸುವವರೂ ಎದುರಾಳಿಯಾಗಬಹುದು. ಚಾಮಯ್ಯ ಮೇಷ್ಟ್ರಿಗಿಂತ ರಾಮಾಚಾರಿಯನ್ನು ಮುದ್ದು ಮಾಡಿದವರು ಯಾರಿದ್ದಾರೆ? ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುವಂತೆ ಅವನನ್ನು ಒಪ್ಪಿಸಿದವರೂ ಅವರೇ. ನಮ್ಮ ಬಳಗದಲ್ಲಿ ನಾನು ಈ ಮಾತು ಹೇಳಿದ ದಿನ ಇಬ್ಬರು ಹಿರಿಯರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ಮೇಷ್ಟ್ರನ್ನ ವಿಲನ್ ಅಂತೀಯಾ?" ಅಂದರು. ವಿಲನ್ ಅಂತ ನಾನು ಹೇಳಲೇ ಇಲ್ಲ.

ದುರಂತ ನಾಯಕ ಅಂದರೆ ಕೊನೆಯಲ್ಲಿ ಸಾಯುವ ನಾಯಕ, ಅಲ್ವಾ?

ಬಸ್ ದುರಂತ, ವಿಮಾನ ದುರಂತ ಅಂತ ಪೇಪರಿನಲ್ಲಿ ದಿನಾ ಓದಿ ನಮಗೆ ದುರಂತ ಅಂದರೆ ಸಾವು ಎಂದೇ ಕೂತುಬಿಟ್ಟಿದೆ. ಅರಿಸ್ಟಾಟಲ್ ಹೇಳಿದ್ದು ಬೇರೆ. ತೀರಾ ಒಳ್ಳೆಯವನು ಬಿದ್ದರೆ ಓದುಗನಿಗೆ ರೇಜಿಗೆಯಾಗುತ್ತದೆ, ತೀರಾ ಕೆಟ್ಟವನು ಬಿದ್ದರೆ ಸಮಾಧಾನವಾಗುತ್ತದೆ. ನಡುವಿನವನೊಬ್ಬ ತನ್ನದೇ ಒಂದು ತಪ್ಪಿನಿಂದ ಬಿದ್ದಾಗ ಮಾತ್ರ ಕರುಣೆ ಮತ್ತು ಭಯ ಹುಟ್ಟುತ್ತವೆ. ಆ ತಪ್ಪಿಗೆ ಅವನು ಬಳಸಿದ ಮಾತು ಹಮಾರ್ಷಿಯ. ಅದನ್ನು "ಚಾರಿತ್ರ್ಯದ ದೋಷ" ಎಂದು ಗೈಡುಗಳಲ್ಲಿ ಬರೆಯುತ್ತಾರೆ. ಮೂಲದಲ್ಲಿ ಅದು ಎಸೆದ ಈಟಿ ಗುರಿ ತಪ್ಪಿದ್ದನ್ನು ಹೇಳುವ ಮಾತು.

ಕನ್ನಡದಲ್ಲಿ ಇದಕ್ಕೆ ನಾಗಚಂದ್ರನ ರಾವಣನಿಗಿಂತ ಒಳ್ಳೆಯ ಉದಾಹರಣೆ ಬೇಡ. ನಾಗಚಂದ್ರ ಬರೆದದ್ದು ಜೈನ ರಾಮಾಯಣ. ಅಲ್ಲಿ ರಾವಣ ರಾಕ್ಷಸನಲ್ಲ, ವಿದ್ಯಾಧರ. ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲ ಎಂದು ವ್ರತ ತೊಟ್ಟವನು. ಅಂಥವನು ಸೀತೆಯನ್ನು ನೋಡಿ ಜಾರುತ್ತಾನೆ. ಕವಿ ಬೈಯುವುದಿಲ್ಲ. ಕಾಲ ಕೂಡಿಬಂದರೆ ಸಮುದ್ರವೂ ಒಮ್ಮೆ ಎಲ್ಲೆ ದಾಟುವುದಿಲ್ಲವೇ ಎಂದು ಕೇಳುತ್ತಾನೆ. ಆಮೇಲೆ ರಾವಣನಿಗೆ ಪಶ್ಚಾತ್ತಾಪ ಬರುತ್ತದೆ, ಸೀತೆಯನ್ನು ಒಪ್ಪಿಸಿಬಿಡಬೇಕು ಅನ್ನಿಸುತ್ತದೆ. ಆದರೆ ಈಗಲೇ ಕೊಟ್ಟರೆ ಹೆದರಿ ಕೊಟ್ಟ ಅನ್ನುತ್ತಾರಲ್ಲ! ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು ಆಮೇಲೆ ಕೊಡುತ್ತೇನೆ ಎಂದುಕೊಳ್ಳುತ್ತಾನೆ. ಈಟಿ ತಪ್ಪಿದ್ದು ಇಲ್ಲಿ. ದುರಂತ ಇರುವುದು ಆ "ಆಮೇಲೆ" ಎಂಬಲ್ಲಿ. ಸಾವು ಬರೀ ಅದರ ಬಾಲ.

ಇಲ್ಲೊಂದು ಸೋಜಿಗವಿದೆ. ಜೈನರ ಲೆಕ್ಕದಲ್ಲಿ ರಾವಣನ ಕೆಲಸಕ್ಕೂ ಹೆಸರುಂಟು: ಪ್ರತಿವಾಸುದೇವ. ಒಂಬತ್ತು ಬಲದೇವರು, ಒಂಬತ್ತು ವಾಸುದೇವರು, ಒಂಬತ್ತು ಪ್ರತಿವಾಸುದೇವರು. ರಾಮ ಬಲದೇವ, ಲಕ್ಷ್ಮಣ ವಾಸುದೇವ. ಪ್ರತಿವಾಸುದೇವನನ್ನು ಕೊಲ್ಲುವುದು ವಾಸುದೇವನ ಕೆಲಸ, ಹಾಗಾಗಿ ಅಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಈ ಮೂವರೂ 63 ಶಲಾಕಾಪುರುಷರ ಪಟ್ಟಿಯಲ್ಲೇ ಇದ್ದಾರೆ. ಎದುರಾಳಿಗೂ ಮಹಾಪುರುಷರ ಸಾಲಿನಲ್ಲೇ ಮಣೆ.

ವಿದೂಷಕ ಅಂದರೆ ಜೋಕರ್ ತಾನೇ?

ಕಾಲೇಜಿನಲ್ಲಿ ನಾನೂ ಹಾಗೇ ಬರೆದು ಅಂಕ ಕಳೆದುಕೊಂಡಿದ್ದೆ. ಈಗ ನೋಡಿದರೆ ಮೇಷ್ಟ್ರು ಕಮ್ಮಿಯೇ ಕತ್ತರಿಸಿದ್ದಾರೆ.

ಸಂಸ್ಕೃತ ನಾಟಕದ ವಿದೂಷಕ ಬ್ರಾಹ್ಮಣ, ಆದರೆ ಆಡುವುದು ಪ್ರಾಕೃತ. ಹೊಟ್ಟೆಬಾಕ, ಪುಕ್ಕಲ. ಜೊತೆಗೆ ರಾಜನ ಆಪ್ತ ಗೆಳೆಯ. ಎಲ್ಲರೂ "ಪ್ರಭು" ಅನ್ನುವಾಗ ಅವನೊಬ್ಬನೇ "ಗೆಳೆಯಾ" ಎಂದು ಕರೆಯುತ್ತಾನೆ. ನಗಿಸುವುದು ಅವನ ಒಂದು ಕೆಲಸ ಮಾತ್ರ.

'ಶಾಕುಂತಲ'ದ ಎರಡನೇ ಅಂಕದ ಕೊನೆ ತೆಗೆದುನೋಡಿ. ದುಷ್ಯಂತ ವಿದೂಷಕನನ್ನು ರಾಜಧಾನಿಗೆ ವಾಪಸ್ ಕಳಿಸುತ್ತಿದ್ದಾನೆ. ಈ ಬಾಯಿಬಡುಕ ಅಂತಃಪುರದಲ್ಲಿ ಏನಾದರೂ ಉಸುರಿಬಿಟ್ಟರೆ ಎಂದು ಭಯ. ಅದಕ್ಕೆ, ಆಶ್ರಮದ ಹುಡುಗಿಯ ಬಗ್ಗೆ ಹೇಳಿದ್ದೆಲ್ಲ ತಮಾಷೆಗೆ, ನಿಜ ಅಂದುಕೋಬೇಡ ಅನ್ನುತ್ತಾನೆ. ವಿದೂಷಕ ಆಗಲಿ ಅಂದು ಹೋಗುತ್ತಾನೆ. ಮುಂದೆ ಶಾಪದಿಂದ ರಾಜನಿಗೆ ಮರೆವು ಬಂದಾಗ, ಶಕುಂತಲೆ ತುಂಬಿದ ಬಸುರಿ ಆಸ್ಥಾನದಲ್ಲಿ ನಿಂತಾಗ, ನೆನಪಿಸಬಹುದಾಗಿದ್ದ ಒಬ್ಬನೇ ಒಬ್ಬ ಮನುಷ್ಯ ಬಾಯಿ ಬಿಡುವ ಹಾಗಿಲ್ಲ. ಅಲ್ಲಿ ಅವನು ಇರುವುದೂ ಇಲ್ಲ, ರಾಜನೇ ಬೇರೆ ಕೆಲಸಕ್ಕೆ ಕಳಿಸಿರುತ್ತಾನೆ. ಕಾಳಿದಾಸ ಒಂದು ಸಣ್ಣ ಸುಳ್ಳಿನಿಂದ ಬಾಗಿಲು ಹಾಕಿ ಚಿಲಕವನ್ನೂ ಹಾಕಿದ.

'ಮೃಚ್ಛಕಟಿಕ'ದಲ್ಲಿ ಇನ್ನೂ ಕೆಟ್ಟದಾಗುತ್ತದೆ. ವಸಂತಸೇನೆಯನ್ನು ಕೊಂದ ಆರೋಪದ ಮೇಲೆ ಚಾರುದತ್ತನ ವಿಚಾರಣೆ ನಡೆಯುವಾಗ ಅವನ ಗೆಳೆಯ, ವಿದೂಷಕ ಮೈತ್ರೇಯ ಬರುತ್ತಾನೆ, ಕಂಕುಳಲ್ಲಿ ಅವಳ ಒಡವೆ. ದೂರು ಕೊಟ್ಟ ಶಕಾರನ ಮೇಲೆ ರೇಗಿ ಕೈಕೈ ಮಿಲಾಯಿಸುತ್ತಾನೆ. ಒಡವೆ ಎಲ್ಲರೆದುರು ಕೆಳಗೆ ಬೀಳುತ್ತದೆ. ಕೊಲೆಗೆ ಸಾಕ್ಷಿ ಸಿಕ್ಕಿತಲ್ಲ! ಗೆಳೆಯನನ್ನು ಉಳಿಸಲು ಬಂದವನೇ ವಧಾಸ್ಥಾನಕ್ಕೆ ಕಳಿಸಿದ.

ಸೂತ್ರಧಾರ ಅಂದರೆ ತೆರೆಮರೆಯ ಕಿಲಾಡಿಯಾ?

"ಕಳ್ಳತನದ ಸೂತ್ರಧಾರ ಸೆರೆ" ಎನ್ನುವ ತಲೆಬರಹಗಳ ಕೃಪೆ ಇದು. ನಾಟಕದ ಸೂತ್ರಧಾರ ಕಿಲಾಡಿ ಅಲ್ಲ. ನಾಂದಿ ಆದ ಮೇಲೆ ಬಂದು ಇವತ್ತು ಇಂಥ ಕವಿಯ ಇಂಥ ನಾಟಕ ಎಂದು ಹೇಳಿ, ನಟಿಯ ಹತ್ತಿರ ಒಂದು ಹಾಡು ಹಾಡಿಸಿ ಹೊರಟುಹೋಗುತ್ತಾನೆ. ಕೊನೆಯವರೆಗೂ ಕಥೆಯನ್ನು ಕೈಯಲ್ಲಿ ಹಿಡಿದು ನಡೆಸುವವರು ನಮ್ಮ ಯಕ್ಷಗಾನದ ಭಾಗವತರು.

ಪೋಷಕ ಪಾತ್ರ ಅಂದರೆ ಅಪ್ಪ ಅಮ್ಮನ ಪಾತ್ರವಾ?

ನಗಬೇಡಿ, ಇದನ್ನು ನಿಜವಾಗಿಯೂ ಕೇಳುತ್ತಾರೆ. ಶಾಲೆಯಿಂದ "ಪೋಷಕರ ಸಭೆ"ಗೆ ಚೀಟಿ ಬರುವುದರಿಂದ ಹಾಗಾಗಿದೆ. ಇಲ್ಲಿ ಪೋಷಿಸುವುದು ಕಥೆಯನ್ನು, ಮಗುವನ್ನಲ್ಲ. ಸಿನಿಮಾದಲ್ಲಿ ಅಪ್ಪನ ಪಾತ್ರ ಮಾಡುವವರಿಗೇ ಪೋಷಕ ನಟ ಪ್ರಶಸ್ತಿ ಜಾಸ್ತಿ ಬಂದ ಹಾಗೆ ಅನ್ನಿಸುವುದು ಬೇರೆ ಮಾತು.

ಉಪನಾಯಕನಿಗೂ ಇಂಥದ್ದೇ ಗತಿ, ಕ್ರಿಕೆಟ್ ತಂಡದಿಂದ. ಕಥೆಯಲ್ಲಿ ಉಪನಾಯಕ ಎಂದರೆ ನಾಯಕನಿಗೆ ಹುಷಾರಿಲ್ಲದಾಗ ಆಡಿಸುವವನಲ್ಲ. ಅವನಿಗೆ ತನ್ನದೇ ಉಪಕಥೆ ಇರುತ್ತದೆ. ಸುಗ್ರೀವನಿಗೂ ಹೆಂಡತಿ, ರಾಜ್ಯ ಎರಡೂ ಕಳೆದುಹೋಗಿವೆ. ಶಾಸ್ತ್ರದಲ್ಲಿ ಇಂಥವನಿಗೆ ಪೀಠಮರ್ದ ಎಂಬ ಹೆಸರಿದೆ, ಈಗ ಯಾರೂ ಬಳಸುವುದಿಲ್ಲ.

ಫಾಯಿಲ್ ಪಾತ್ರ ಅಂದರೆ ನಾಯಕನಿಗೆ ಪೂರ್ತಿ ವಿರುದ್ಧವಾದವನಾ?

ಒಡವೆ ಮಾಡುವವರು ಹಿಂದೆ ಹರಳಿನ ಕೆಳಗೆ ತೆಳ್ಳಗಿನ ಹೊಳಪಿನ ಲೋಹದ ಹಾಳೆ ಇಡುತ್ತಿದ್ದರು, ಹರಳು ಜಾಸ್ತಿ ಮಿನುಗಲಿ ಎಂದು. ಆ ಹಾಳೆಯೇ ಫಾಯಿಲ್. ಕನ್ನಡ ವಿಮರ್ಶೆಯಲ್ಲಿ ಇದಕ್ಕೆ ವೈದೃಶ್ಯ ಎನ್ನುವ ಮಾತಿದೆ.

ಪೂರ್ತಿ ವಿರುದ್ಧ ಇದ್ದರೆ ಹೋಲಿಸುವುದಾದರೂ ಏನನ್ನು? ತುಂಬ ಹೋಲಿಕೆ ಇದ್ದು ಒಂದೆರಡು ಕಡೆ ಬೇರೆಯಾಗಬೇಕು. ತುಘಲಕನಿಗೆ ಅಜೀಜ್ ಹಾಗೆ. ಅಗಸ, ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೇ ದಾವೆ ಗೆಲ್ಲುತ್ತಾನೆ. ಸುಲ್ತಾನ ಹೊರಡಿಸುವ ಒಂದೊಂದು ಉದಾತ್ತ ಆಜ್ಞೆಯಲ್ಲೂ ಇವನಿಗೊಂದು ಕಸುಬು ಕಾಣುತ್ತದೆ. ಇಬ್ಬರೂ ಬುದ್ಧಿವಂತರು, ಇಬ್ಬರೂ ವೇಷಗಾರರು. ಒಬ್ಬನಿಗೆ ಕನಸಿನ ಕಾಟ ಇದೆ, ಇನ್ನೊಬ್ಬನಿಗೆ ಇಲ್ಲ. ಕೊನೆಗೆ ಸುಲ್ತಾನ ಅವನನ್ನು ಕ್ಷಮಿಸಿಬಿಡುತ್ತಾನೆ. ಕನ್ನಡಿಗೆ ಶಿಕ್ಷೆ ಕೊಡುವುದು ಹೇಗೆ?

ಕಥೆಯ "ನಾನು" ಅಂದರೆ ಲೇಖಕರೇ ಅಲ್ವಾ?

ಅಲ್ಲ. ಆ "ನಾನು" ನಿರೂಪಕ. ಅವನೂ ಲೇಖಕರು ಮಾಡಿದ ಪಾತ್ರ. (ಟೀವಿಯಲ್ಲಿ ಕಾರ್ಯಕ್ರಮ ನಡೆಸುವವರೂ ನಿರೂಪಕರೇ, ಹಾಗಾಗಿ ಮಕ್ಕಳಿಗೆ ಇದು ಇನ್ನೂ ಕಷ್ಟ.) ಕೆಲವು ನಿರೂಪಕರು ನಂಬುವ ಹಾಗೂ ಇರುವುದಿಲ್ಲ. ಇಂಥ ನಿರೂಪಕರಿಗೆ 1961ರಲ್ಲಿ ವೇಯ್ನ್ ಬೂತ್ ಎಂಬ ಅಮೆರಿಕದ ವಿಮರ್ಶಕ ಹೆಸರು ಕೊಟ್ಟರು. ನಂಬಲಾಗದ ನಿರೂಪಕ ಎಂದರೆ ಸುಳ್ಳುಗಾರ ಎಂದೇ ಅರ್ಥವಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್'ನಲ್ಲಿ ಹೆಸರೇ ಇಲ್ಲದ ನಿರೂಪಕ ಕಾಫಿ ಹೌಸಿನಲ್ಲಿ ಕೂತು ಮನೆಯವರ ಬಗ್ಗೆ ಮೆಲ್ಲಗೆ ಹೇಳುತ್ತಾ ಹೋಗುತ್ತಾನೆ. ಅವನು ಹೇಳಿದ್ದಕ್ಕಿಂತ ಹೇಳದೆ ಜಾರಿಸಿದ್ದು ನಮ್ಮನ್ನು ಕೊರೆಯುತ್ತದೆ.

ಚಪ್ಪಟೆ ಪಾತ್ರ ಅಂದರೆ ಲೇಖಕ ಸೋತ ಪಾತ್ರವಾ?

1927ರಲ್ಲಿ ಪಾತ್ರಗಳನ್ನು ಚಪ್ಪಟೆ, ದುಂಡು ಎಂದು ಎರಡು ಭಾಗ ಮಾಡಿದ ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಹಾಗೆ ಹೇಳಲೇ ಇಲ್ಲ. ಒಂದೇ ವಾಕ್ಯದಲ್ಲಿ ಹಿಡಿಯಬಹುದಾದ ಪಾತ್ರ ಚಪ್ಪಟೆ, ನಮ್ಮನ್ನು ನಂಬಿಸಿ ಅಚ್ಚರಿಪಡಿಸಬಲ್ಲದ್ದು ದುಂಡು. ಕಾದಂಬರಿಗೆ ಎರಡೂ ಬೇಕು. ಬಾಗಿಲು ತೆರೆಯುವ ಆಳಿಗೂ ಬಾಲ್ಯದ ನೋವು ಬರೆಯುತ್ತಾ ಕೂತರೆ ಒಳಗೆ ಹೋಗುವುದು ಯಾವಾಗ?

ನಾಯಕನೇ ಇಲ್ಲದ ಕಥೆ ಇರಬಹುದಾ?

'ಮಲೆಗಳಲ್ಲಿ ಮದುಮಗಳು' (1967) ಶುರುವಾಗುವ ಮೊದಲೇ ಕುವೆಂಪು ಇದಕ್ಕೆ ಉತ್ತರ ಬರೆದಿಟ್ಟಿದ್ದಾರೆ: ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ. ಆದರೂ ಓದುವವರು ಹುಡುಕುತ್ತಾರೆ. ಮದುವೆಯ ಮನೆಯಿಂದ ಕಾಡಿಗೆ ಓಡುವ ಚಿನ್ನಮ್ಮನಾ? ಮುಕುಂದಯ್ಯನಾ? ತಿಮ್ಮಿಗಾಗಿ ಕಾಡು ಸುತ್ತುವ ನಾಯಿಗುತ್ತಿಯಾ? ನಾನು ಮೇಲೆ ಹೇಳಿದ ಅಳತೆ ಇಲ್ಲಿ ಕೆಲಸ ಮಾಡುವುದಿಲ್ಲ. ಒಬ್ಬರ ಆಸೆ ತೆಗೆದರೂ ಉಳಿದವರದು ಹರಿಯುತ್ತಲೇ ಇರುತ್ತದೆ.

ನಮ್ಮ ಬಳಗ ಈ ಪುಸ್ತಕಕ್ಕೆ ಮೂರು ತಿಂಗಳು ತೆಗೆದುಕೊಂಡಿತು. ಕೊನೆಯ ದಿನ ಎಲ್ಲರೂ ತಮ್ಮ ತಮ್ಮ ನಾಯಕನ ಹೆಸರು ಹೇಳಿದರು. ಅಷ್ಟು ಹೊತ್ತೂ ಸುಮ್ಮನಿದ್ದ ಒಬ್ಬರು ನಿವೃತ್ತ ಟೀಚರಮ್ಮ, ತುಂಬಿದ ತುಂಗೆಗೆ ಒಡೆಯನ ಹಿಂದೆ ಹಾರಿದ ಗುತ್ತಿಯ ನಾಯಿ ಹುಲಿಯನ ಹೆಸರು ಹೇಳಿದರು. ಆ ದಿನ ಯಾರೂ ಜಗಳ ಆಡಲಿಲ್ಲ.